ಪದಚರ್ಚೆ: ಹೊಳೆಯ 'ಎಡ್ಡಿ'ಗೆ 'ಸುಳಿ' ಎನ್ನಬಹುದೇ? (ಶುಕ್ರವಾರ ಅಚ್ಚಿಗೆ)

ಸು. ಬರೆದದ್ದು:

ಗೆಳೆಯರೇ, ದಕ್ಷಿಣ ಕೊಡಗಿನ ಬರಪೊಳೆಯ ದಡಕ್ಕೊಂದು ಫಲಕ, ರಾಫ್ಟಿಂಗ್‌ಗೆ (ಗಾಳಿ ತುಂಬಿದ ದೋಣಿಯಲ್ಲಿ ರಭಸದ ಹೊಳೆ ಇಳಿಯುವ ಆಟ) ಬರುವವರಿಗೆ ಎರಡು ಪುಟದ ಕರಪತ್ರ ಅನುವಾದ ಮಾಡುತ್ತಿದ್ದೇನೆ. ಶುಕ್ರವಾರ ಅಚ್ಚಿಗೆ ಹೋಗಬೇಕು. ಇಂಗ್ಲಿಷ್ ಮೂಲದ ಪದಗಳಿಗೆ ಸದ್ಯಕ್ಕೆ ಹೀಗಿದೆ: ಎಡ್ಡಿ – ಸುಳಿ, ಫ್ಲೋ – ಪ್ರವಾಹ, ಹೋಲ್ – ಗುಂಡಿ, ಸ್ಟ್ರೇನರ್ – ಜರಡಿ, ಗ್ರೇಡ್ 3 – ಮೂರನೇ ದರ್ಜೆ. ಒಂದು ವಾಕ್ಯ: "ರಾಫ್ಟ್ ಮಗುಚಿದರೆ ಹತ್ತಿರದ ಸುಳಿಯತ್ತ ಈಜಿ." ಯಾಕೋ ಸರಿ ಕಾಣುತ್ತಿಲ್ಲ.

ವಿ. ಬರೆದದ್ದು:

ಸರಿ ಕಾಣದಿರುವುದು ಹಾಗಿರಲಿ, ಆ ವಾಕ್ಯ ಜೀವ ತೆಗೆಯುತ್ತದೆ. ಕನ್ನಡದಲ್ಲಿ ಸುಳಿ ಎಂದರೆ ಒಳಗೆ ಎಳೆದುಕೊಳ್ಳುವುದು. ಹೊಳೆಯ ಪಕ್ಕ ಬೆಳೆದ ಯಾವ ಮಗುವಿಗೂ ಅದರಿಂದ ದೂರ ಇರು ಅಂತಲೇ ಹೇಳಿರುತ್ತಾರೆ. ಎಡ್ಡಿ ಬೇರೆ. ಬಂಡೆಗೆ ನೀರು ಬಡಿದು ಎರಡೂ ಪಕ್ಕದಿಂದ ಹಾದುಹೋದಾಗ ಬಂಡೆಯ ಕೆಳಬದಿಯಲ್ಲಿ ಖಾಲಿಯಾಗುವ ಜಾಗವನ್ನು ತುಂಬಲು ನೀರು ಹಿಂದಕ್ಕೆ, ಅಂದರೆ ಹೊಳೆ ಹರಿದುಬಂದ ದಿಕ್ಕಿಗೇ, ಬರುತ್ತದೆ. ರಾಫ್ಟ್ ನಿಲ್ಲಿಸುವುದು, ಮುಂದಿನ ಇಳಿತವನ್ನು ನೋಡಿಕೊಳ್ಳುವುದು, ನೀರಿಗೆ ಬಿದ್ದವರನ್ನು ಎತ್ತಿಕೊಳ್ಳುವುದು ಎಲ್ಲ ಅಲ್ಲೇ. 'ತಂಗುದಾಣ' ಇದ್ದ ಹಾಗೆ 'ತಂಗುನೀರು' ಎನ್ನಿ.

ಕೆ. ಬರೆದದ್ದು:

'ಸುಳಿ'ಯನ್ನು ಬಿಟ್ಟುಕೊಡುವ ಅಗತ್ಯವಿಲ್ಲ. ಹಳಗನ್ನಡದ ಸುೞಿ, ಈಗ ಬಳಕೆ ತಪ್ಪಿದ ೞ ಅಕ್ಷರದ್ದು. ತಮಿಳು, ಮಲಯಾಳಗಳಲ್ಲೂ ನಂಟರಿದ್ದಾರೆ. ಮೂಲ ಅರ್ಥ ತಿರುಗು, ಅಷ್ಟೆ. ಸುಳಿಗಾಳಿ, ತಲೆಯ ಸುಳಿ, ಬಾಳೆಯ ಸುಳಿ – ಇವು ಯಾರನ್ನು ಮುಳುಗಿಸಿವೆ? ಹಿಂದಕ್ಕೆ ತಿರುಗುವ ನೀರಿಗೆ ಅದೇ ತಕ್ಕ ಪದ. ನಿಜವಾದ ತೊಡಕು 'ಪ್ರವಾಹ'. ನಮ್ಮಲ್ಲಿ 'ಹೊನಲು' ಇರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು? ಹಾಗೆಯೇ ವೈಟ್‌ವಾಟರ್‌ಗೆ, ಅಂದರೆ ನೊರೆಯೆದ್ದು ಹರಿಯುವ ನೀರಿಗೆ, 'ಬೆಳ್ನೀರು'. ಬೆಳ್ಗೊಡೆ, ಬೆಳ್ದಿಂಗಳು ಇರುವ ನುಡಿ ಇದು.

ವಿ.:

ಬಾಳೆಯ ಸುಳಿಗೆ ಯಾರೂ ಈಜಿಕೊಂಡು ಹೋಗುವುದಿಲ್ಲ ಸರ್.

ರಾ. ಬರೆದದ್ದು:

'ತಂಗುನೀರು' ಚೆನ್ನಾಗಿದೆ, ಆದರೆ ಸುಳ್ಳು. ನೀರು ಕಡಿಮೆಯಿರುವಾಗ ಮಾತ್ರ ಅಲ್ಲಿ ತಂಗಬಹುದು. ಹೊಳೆ ಏರಿದ ಹಾಗೆ ಎಡ್ಡಿಗೂ ಸೆಳವಿಗೂ ನಡುವಿನ ಗೆರೆ ಚೂಪಾಗುತ್ತದೆ, ಅಡ್ಡ ದಾಟುವ ರಾಫ್ಟನ್ನೇ ಮಗುಚುತ್ತದೆ. ಇನ್ನೂ ಏರಿದರೆ ಬಂಡೆಯೇ ಮುಳುಗಿ ಅದೇ ಜಾಗ ಹೋಲ್ ಆಗುತ್ತದೆ. ಗುಣದ ಮೇಲೆ ಹೆಸರಿಟ್ಟರೆ ಬೆಳಗಿನ ಹೆಸರು ಮಧ್ಯಾಹ್ನಕ್ಕೆ ಮೋಸ ಮಾಡುತ್ತದೆ. ಜಾಗದ ಮೇಲೆ ಹೆಸರಿಡಿ: 'ಬಂಡೆಮರೆ'. ತಿರುವಿನಲ್ಲಿದ್ದರೆ 'ದಡಮರೆ'. ಮಳೆಗೆ ಮರೆ, ಬಿಸಿಲಿಗೆ ಮರೆ ಎನ್ನುವ ಜನಕ್ಕೆ ಅರ್ಥ ಬಿಡಿಸಿ ಹೇಳಬೇಕಿಲ್ಲ.

'ಗುಂಡಿ' ಕೂಡ ತೆಗೆಯಿರಿ. ಮಲೆನಾಡಿನಲ್ಲಿ ಹೊಳೆಯ ಗುಂಡಿ ಎಂದರೆ ಮಕ್ಕಳು ಈಜುವ ಆಳದ ಜಾಗ. ಹೋಲ್ ಎಂದರೆ ಬಂಡೆಯ ಮೇಲಿಂದಲೋ ಕಿಂಡಿ ಅಣೆಕಟ್ಟಿನ ಮೇಲಿಂದಲೋ ಧುಮುಕಿದ ನೀರು ಬುಡದಲ್ಲಿ ಮಗುಚಿ ಬಂದ ದಿಕ್ಕಿಗೇ ತಿರುಗಿ ಬರುವುದು. ಸಿಕ್ಕವರನ್ನು ಬಿಡದೆ ಉರುಳಿಸುತ್ತಿರುತ್ತದೆ. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಲೈಫ್ ಜಾಕೆಟ್ಟೂ ಎಂದಿನಷ್ಟು ಎತ್ತುವುದಿಲ್ಲ. ಅಣೆಕಟ್ಟಿನ ಬುಡದಲ್ಲಿ ಅದು ದಡದಿಂದ ದಡಕ್ಕೆ ಒಂದೇ ಸಮ ಇರುತ್ತದೆ, ಪಕ್ಕಕ್ಕೆ ಜಾರಲು ದಾರಿಯಿಲ್ಲ. ಕೆ. ಅವರ ಸುಳಿಯನ್ನು ಇಲ್ಲಿ ಬಳಸಿ: 'ಮಗುಚುಸುಳಿ'.

ಮೂರನೇ ದರ್ಜೆ! ಓದಿದವರು ಹೊಳೆ ಕಳಪೆ ಎಂದುಕೊಳ್ಳುತ್ತಾರೆ, ಒಂದನೇ ದರ್ಜೆ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಇಲ್ಲಿ 1 ಸುಲಭ, 6 ಹೆಚ್ಚುಕಡಿಮೆ ಅಸಾಧ್ಯ. 'ಕಷ್ಟಮಟ್ಟ 3' ಎನ್ನಿ. ಈ ಅಂಕಿ ನೀರಿನ ಮಟ್ಟದ ಜೊತೆ ಏರುತ್ತದೆ ಎಂದೂ ಸೇರಿಸಿ.

ಕೆ.:

'ಕಷ್ಟ' ಸಂಸ್ಕೃತ. 'ತೊಡಕುಮಟ್ಟ'.

ರಾ.:

ಬೇಡ.

ಮಂ. ಬರೆದದ್ದು:

'ಪ್ರವಾಹ'ದ ಮಾತು. ಅದು ಸಂಸ್ಕೃತವೆಂದು ಬಿಡಬೇಕಿಲ್ಲ. ವಿದ್ಯುತ್ ಪ್ರವಾಹಕ್ಕೆ ಯಾರೂ ಹೆದರಿ ಊರು ಬಿಡುವುದಿಲ್ಲ. ಬಿಡಬೇಕಾದ್ದು ಪತ್ರಿಕೆಗಳು ಅದನ್ನು ನೆರೆ ಎಂಬರ್ಥದಲ್ಲಿ ಗಟ್ಟಿ ಮಾಡಿರುವುದರಿಂದ. "ಇಂದಿನ ಪ್ರವಾಹ ನೋಡಿ ಹೊರಡಿ" ಎಂದರೆ ಯಾರು ಹೊರಟಾರು? 'ಹೊನಲು' ಫಲಕದ ಮಾತಲ್ಲ, ಪದ್ಯದ್ದು. ಅಣೆಕಟ್ಟಿನ ವರದಿ ಓದುವ ಪ್ರತಿಯೊಬ್ಬ ರೈತನಿಗೂ ಒಳಹರಿವು, ಹೊರಹರಿವು ಗೊತ್ತು. ಆದ್ದರಿಂದ 'ಹರಿವು'. ಪ್ರಮಾಣಕ್ಕೆ ಕ್ಯೂಸೆಕ್ ಹಾಗೇ ಇರಲಿ: ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಟಿಎಂಸಿ (ನೂರು ಕೋಟಿ ಘನ ಅಡಿ) ಜೊತೆ ಬೆರೆಸಬೇಡಿ, ಅದು ಹರಿವಲ್ಲ, ಸಂಗ್ರಹ. 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ.

ಇಂಗ್ಲಿಷ್ ಮೂಲ ಅಣೆಕಟ್ಟಿನ ಹೊಳೆಗೆ ಬರೆದದ್ದಾದರೆ ಇನ್ನೂ ಎಚ್ಚರ ಬೇಕು. ಉತ್ತರ ಕನ್ನಡದ ಗಣೇಶಗುಡಿಯ ಹತ್ತಿರ ಕಾಳಿ ನದಿಯಲ್ಲಿ ನೀರು ಬರುವುದು ಸೂಪಾ ಅಣೆಕಟ್ಟಿನ ವಿದ್ಯುದಾಗಾರದಿಂದ. ಅಲ್ಲಿ ಕೇಳಬೇಕಾದ್ದು ಇಂದು ಯಂತ್ರ ಎಷ್ಟು ಹೊತ್ತಿಗೆ ಓಡುತ್ತದೆ, ಯಾವಾಗ ನಿಲ್ಲುತ್ತದೆ ಎಂದು; ಮೋಡವಿಲ್ಲದ ದಿನವೂ ನೀರು ಏರಬಹುದು. ಬರಪೊಳೆ ಮಳೆಯ ಹೊಳೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಆಟ. ಅಲ್ಲಿ ಅಣೆಕಟ್ಟಿನಿಂದ ನೀರು ಬಿಡುವ 'ಬಿಡುಗಡೆ' ಎಂಬ ಪದಕ್ಕೇ ಕೆಲಸವಿಲ್ಲ, 'ಏರಿಕೆ' ಬೇಕು. ಕರಪತ್ರದಲ್ಲಿ ಹೀಗೆ ಬರಲಿ:

"ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ.ಯಿಂದ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ದಿನದ ಲೆಕ್ಕ ಬೆಳಗ್ಗೆ 8.30ರಿಂದ ಮರುದಿನ 8.30ಕ್ಕೆ. ನೀವು ನಿಂತಲ್ಲಿನ ಆಕಾಶವನ್ನಲ್ಲ, ಮೇಲಿನ ಗುಡ್ಡಗಳ ಮಳೆಯನ್ನು ನೋಡಿ. ಜೂನ್ ಮೊದಲಲ್ಲಿ ನೆಲ ಕುಡಿಯುವಷ್ಟು ಮಳೆ ಜುಲೈ ಕೊನೆಯಲ್ಲಿ ನೇರ ಹೊಳೆಗೆ ಇಳಿಯುತ್ತದೆ. ಹೊರಡುವ ಮೊದಲು ನೀರಂಚಿನ ಬಂಡೆಯೊಂದನ್ನು ಗುರುತಿಟ್ಟುಕೊಂಡು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ನೀರು ಕೆಂಪಗಾದರೆ, ಕಡ್ಡಿ ಎಲೆ ತೇಲಿಬಂದರೆ, ಸದ್ದು ದಪ್ಪವಾದರೆ ಇಳಿಯಬೇಡಿ. ಗುಡುಗಿದರೆ ದಡಕ್ಕೆ, ಕೊನೆಯ ಗುಡುಗಿನಿಂದ 30 ನಿಮಿಷ ಕಾಯಿರಿ."

ಇನ್ನೊಂದು ಸಾಲು: ನೀರಿನ ವೇಗ ಎರಡರಷ್ಟಾದರೆ ನೂಕುವ ಬಲ ನಾಲ್ಕರಷ್ಟು. "ಸ್ವಲ್ಪ ಜಾಸ್ತಿ ಇದೆ, ಅಷ್ಟೇ" ಎನ್ನುವವರಿಗಾಗಿ.

ಕೆ.:

ಕ್ಯೂಸೆಕ್ ಒಪ್ಪಿದಿರಿ, ರಾಫ್ಟ್ ಒಪ್ಪಿದಿರಿ. ಹರಿಗೋಲು, ತೆಪ್ಪ ಎಲ್ಲಿ ಹೋದವು? ಹುಟ್ಟನ್ನು ಪ್ಯಾಡಲ್ ಎನ್ನುವ ಕಾಲ ಬಂತು. ಎಲ್ಲವನ್ನೂ ಎರವಲು ತಂದು ಕೊನೆಗೆ ವಿಭಕ್ತಿ ಪ್ರತ್ಯಯ ಮಾತ್ರ ನಮ್ಮದು ಎನ್ನುವುದಾದರೆ ಅನುವಾದ ಯಾಕೆ?

ವಿ.:

ಹರಿಗೋಲು ಬಿದಿರಿನ ದುಂಡು ಬುಟ್ಟಿ, ಗಾಳಿ ತುಂಬಿದ ರಾಫ್ಟ್ ಅಲ್ಲ. ಒಂದು ವಸ್ತುವಿನ ಹೆಸರನ್ನು ಇನ್ನೊಂದಕ್ಕೆ ಅಂಟಿಸುವುದು ಕನ್ನಡ ಪ್ರೇಮವಲ್ಲ, ಹರಿಗೋಲಿಗೆ ಮಾಡುವ ಅನ್ಯಾಯ. ಹುಟ್ಟು ಖಂಡಿತ ಇರಲಿ. ಆದರೆ ಗೈಡ್ ಕೂಗುವ 'ಫಾರ್ವರ್ಡ್', 'ಸ್ಟಾಪ್', 'ಗೆಟ್ ಡೌನ್' ಮುಟ್ಟಬೇಡಿ. ನೊರೆಯ ಸದ್ದಿನಲ್ಲಿ ಕೇಳುವ ಪದ ಕರಪತ್ರದಲ್ಲಿ ಓದಿದ ಪದವೇ ಆಗಿರಬೇಕು.

ಸು.:

ಸ್ಟ್ರೇನರ್‌ಗೆ ಹಾಕಿದ್ದ 'ಜರಡಿ' ಉಳಿಯಿತಲ್ಲ?

ರಾ.:

ಅಡುಗೆಮನೆ ನೆನಪಾಗುತ್ತದೆ. ಬಿಡಿಸಿ ಬರೆಯಿರಿ: "ನೀರಿಗೆ ಬಿದ್ದ ಮರ, ಬಿದಿರುಮೆಳೆ: ನೀರು ದಾಟುತ್ತದೆ, ಮನುಷ್ಯ ದಾಟುವುದಿಲ್ಲ."

ಕೆ.:

ಅದು ಪದವಲ್ಲ, ವಾಕ್ಯ.

ರಾ.:

ಫಲಕಕ್ಕೆ ವಾಕ್ಯವೇ ಬೇಕು. ಯಾಕೆಂದರೆ ಇಲ್ಲಿ ಈಜುವ ಕ್ರಮವೇ ತಲೆಕೆಳಗು. ಬೇರೆ ಕಡೆ ಅಂಗಾತ ಮಲಗಿ, ಕಾಲು ಮುಂದೆ ಮಾಡಿ ತೇಲಬೇಕು. ಮೊಣಕಾಲುದ್ದ ಸೆಳವಿನಲ್ಲೂ ಎದ್ದು ನಿಲ್ಲಬಾರದು, ಪಾದ ಕಲ್ಲಿನ ಸಂದಿಗೆ ಸಿಕ್ಕರೆ ನೀರು ಮುಂದಕ್ಕೆ ಮಡಚಿ ಮುಳುಗಿಸುತ್ತದೆ. ಮರ ಎದುರಾಗಿ ತಪ್ಪಿಸಿಕೊಳ್ಳಲು ಆಗದಿದ್ದರೆ ಮಾತ್ರ ಬೋರಲಾಗಿ, ತಲೆ ಮುಂದೆ ಮಾಡಿ ಜೋರಾಗಿ ಈಜಿ ಅದರ ಮೇಲೆ ಹತ್ತಬೇಕು. ಕಾಲು ಮೊದಲು ಹೋದರೆ ಅಡಿಗೆ ಸೇರಿದಂತೆ.

ಸು.:

ಫಲಕ ಹೀಗೆ ಹೋಗುತ್ತಿದೆ: "ಕಷ್ಟಮಟ್ಟ 3, ನೀರು ಏರಿದರೆ ಹೆಚ್ಚು. ರಾಫ್ಟ್ ಮಗುಚಿದರೆ ಅಂಗಾತ ತೇಲಿ, ಕಾಲು ಮುಂದೆ. ಬಂಡೆಮರೆಯತ್ತ ಈಜಿ. ಮಗುಚುಸುಳಿಯಿಂದ ದೂರ." ಮರದ ಸಾಲು ಕೆಳಗೆ ದಪ್ಪಕ್ಷರದಲ್ಲಿ. 'ಬಂಡೆಮರೆ'ಯ ಪಕ್ಕ ಒಂದು ಬಾಣದ ಚಿತ್ರವನ್ನೂ ಹಾಕಿಸುತ್ತೇನೆ.

ಕೆ.:

'ಅಂಗಾತ' ಸರಿಯಾಗಿದೆ.