ಎರೆ ಹೊಲಕ್ಕೆ ಹೋಗಿ ಬಂದ ಮೇಲೆ ಎಂಎಂ 540 ಜೀಪಿನ ಸ್ಟೇರಿಂಗ್ ಅದುರುತ್ತಿದೆ, ಡ್ಯಾಂಪರ್ ಹಾಕಿಸಬೇಕಾ?

ಪ್ರಶ್ನೆ (ಹುಬ್ಬಳ್ಳಿಯಿಂದ):
ನಮಸ್ಕಾರ ರೀ. ನಮ್ಮದು ಹಳೆಯ ಮಹೀಂದ್ರ ಎಂಎಂ 540. ಹೊಲ ನವಲಗುಂದದ ಕಡೆ ಇದೆ, ಮಳೆಗಾಲದಲ್ಲಿ ಟ್ರ್ಯಾಕ್ಟರ್ ಬಿಟ್ಟರೆ ಈ ಗಾಡಿಯೇ ಗತಿ. ಮೊನ್ನೆ ಮಳೆಯಲ್ಲಿ ಹೋಗಿ ಬಂದಾಗಿನಿಂದ 50 ಕಿ.ಮೀ. ವೇಗ ದಾಟಿದರೆ ಸ್ಟೇರಿಂಗ್ ಅದುರುತ್ತದೆ. ಗುಂಡಿ ಸಿಕ್ಕರಂತೂ ಮುಂದಿನ ಎರಡೂ ಚಕ್ರ ಎಡಕ್ಕೆ ಬಲಕ್ಕೆ ಬಡಿದಾಡುತ್ತವೆ, ಪೂರ್ತಿ ನಿಧಾನ ಮಾಡುವವರೆಗೂ ಬಿಡುವುದಿಲ್ಲ. ಗ್ಯಾರೇಜಿನಲ್ಲಿ ಡ್ಯಾಂಪರ್ (ಸ್ಟೇರಿಂಗ್ ಅದುರುವುದನ್ನು ತಡೆಯುವ, ಶಾಕ್ ಅಬ್ಸಾರ್ಬರ್ ತರದ ಸಾಮಾನು) ಹಾಕಿಸಿ ಅಂದರು. ಮನೆಯಲ್ಲಿ ಜಾಕ್, ಸ್ಟ್ಯಾಂಡ್, ಪಾನಾ ಸೆಟ್ ಇದೆ.

ಉತ್ತರ (ಧಾರವಾಡದಿಂದ):
ಸರ್, ಈಗಲೇ ಡ್ಯಾಂಪರ್ ಹಾಕಿಸಬೇಡಿ. ಅದು ಅದುರುವುದನ್ನು ಮುಚ್ಚಿಡುತ್ತದೆ ಅಷ್ಟೇ, ಸವೆದ ಭಾಗ ಸವೆಯುತ್ತಲೇ ಇರುತ್ತದೆ. ನೀವು ಹೇಳಿದ್ದನ್ನು ನೋಡಿದರೆ ತೊಂದರೆ ಎರಡಿವೆ ಅನಿಸುತ್ತದೆ. ವೇಗ ಹೆಚ್ಚಿದಾಗ ಒಂದೇ ಸಮನೆ ಅದುರಿದರೆ ಚಕ್ರದ ಬ್ಯಾಲೆನ್ಸ್ ತಪ್ಪಿದೆ. ಗುಂಡಿಗೆ ಬಿದ್ದ ಮೇಲೆ ಬಡಿದಾಡಿದರೆ ಎಲ್ಲೋ ಆಟ, ಅಂದರೆ ಸಡಿಲ ಇದೆ.

ಮೊದಲು ಮುಂದಿನ ಚಕ್ರ ಬಿಚ್ಚಿ ರಿಮ್ಮಿನ ಒಳಬದಿ ನೋಡಿ. ನಮ್ಮ ಕಡೆಯ ಎರೆ ಮಣ್ಣು ಅಲ್ಲಿ ಅಂಟಿ ಒಣಗಿದರೆ ಸುಮ್ನೆ ನೀರು ಹೊಡೆದರೆ ಬಿಡುವುದಿಲ್ಲ, ಕೆರೆಯಲೇಬೇಕು. ಒಂದೇ ಪಕ್ಕ ಹೆಂಟೆ ಕೂತರೂ ಸಾಕು, ಚಕ್ರ ಅದುರುತ್ತದೆ.

ಆಮೇಲೆ ಚಕ್ರ ಹಾಕಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಆಟ ಹೋದರೆ ಅದು ವೀಲ್ ಬೇರಿಂಗ್. ಹಾಗೇ ಉಳಿದರೆ ಕಿಂಗ್ ಪಿನ್, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲು. ಈ ಒಂದು ಪರೀಕ್ಷೆ ಮಾಡದೆ ಯಾವ ಸಾಮಾನೂ ತರಬೇಡಿ.

ಪ್ರಶ್ನೆ ಕೇಳಿದವರು:
ಎಡ ರಿಮ್ಮಿನಲ್ಲಿ ಮುಷ್ಟಿಯಷ್ಟು ಮಣ್ಣು ಸಿಕ್ಕಿತು, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಕಾಯಿತು. ಈಗ ಒಂದೇ ಸಮನೆ ಅದುರುವುದು ನಿಂತಿದೆ. ಗುಂಡಿಗೆ ಬಿದ್ದಾಗ ಬಡಿದಾಡುವುದು ಮಾತ್ರ ಹಾಗೇ ಇದೆ. ಬ್ರೇಕ್ ಒತ್ತಿದರೂ ಎಡಚಕ್ರದಲ್ಲಿ ಆಟ ಉಳಿಯುತ್ತದೆ.

ಉತ್ತರ (ಗದಗದಿಂದ):
ಹಾಗಾದರೆ ಕಿಂಗ್ ಪಿನ್ ಬೇರಿಂಗೇ ಅಣ್ಣಾ. ಟೈ ರಾಡ್ (ಎರಡೂ ಮುಂದಿನ ಚಕ್ರಗಳನ್ನು ಜೋಡಿಸುವ ಸರಳು) ಬಿಚ್ಚಿ, ಸ್ಟೇರಿಂಗ್ ನಕಲ್ (ಕಿಂಗ್ ಪಿನ್ ಮೇಲೆ ತಿರುಗುವ, ಚಕ್ರ ಕೂರುವ ಭಾಗ) ಅನ್ನು ಕೈಯಿಂದ ತಿರುಗಿಸಿ ನೋಡಿ. ಸ್ವಲ್ಪ ಬಿಗಿ ಇರಬೇಕು, ಎಲ್ಲ ಕಡೆ ಒಂದೇ ತರ. ಬೀಸುವ ಬಾಗಿಲಿನಂತೆ ಸಲೀಸಾಗಿ ತಿರುಗಿದರೆ ಕಿಂಗ್ ಪಿನ್ ಕ್ಯಾಪ್ ಅಡಿಯ ತೆಳು ಶಿಮ್ (ತಗಡಿನ ಪಟ್ಟಿ) ಒಂದನ್ನು ತೆಗೆದು ಬಿಗಿ ನೋಡಿ. ಒಂದೇ ಸಲ ಜಾಸ್ತಿ ಶಿಮ್ ತೆಗೆದರೆ ಸ್ಟೇರಿಂಗ್ ಗಟ್ಟಿಯಾಗುತ್ತದೆ, ತಿರುವು ಮುಗಿದ ಮೇಲೆ ತಾನಾಗಿ ನೇರ ಬರುವುದಿಲ್ಲ.

ಶಿಮ್ ಮುಟ್ಟುವ ಮೊದಲು ಬೇರಿಂಗ್ ಹೊರತೆಗೆದು ಸೀಮೆಎಣ್ಣೆಯಲ್ಲಿ ತೊಳೆದು ಒಮ್ಮೆ ನೋಡಿ. ತೊಳೆಯುವ ಮೊದಲು ಅದರ ಗ್ರೀಸನ್ನು ಎರಡು ಬೆರಳ ನಡುವೆ ತಿಕ್ಕಿ. ಕರಕರ ಅಂದರೆ ಸೀಲ್ ಹರಿದು ಮಣ್ಣು ಒಳಗೆ ಹೋಗಿದೆ ಅಂತಲೇ ಅರ್ಥ. ಬೇರಿಂಗಿನ ರೋಲರ್ ಮೇಲೆ, ಅದು ಕೂರುವ ಕಪ್ ಒಳಗೆ ಗುಳಿ ಬಿದ್ದಿದ್ದರೆ ಶಿಮ್ ತೆಗೆದು ಏನೂ ಆಗದು. ಬೇರಿಂಗ್, ಕಪ್, ಸೀಲ್ ಎಲ್ಲ ಹೊಸದು ಹಾಕಿ. ಬಲಗಡೆಯನ್ನೂ ಅದೇ ದಿನ ಬಿಚ್ಚಿ ನೋಡಿ, ಎರಡೂ ಕಡೆ ಬಿಗಿ ಒಂದೇ ಇರಬೇಕಲ್ವಾ.

ಟೈ ರಾಡ್ ಹಾಕುವಾಗ ಅದರ ಎಂಡ್ ಸವೆದಿದೆಯಾ ನೋಡಿಕೊಳ್ಳಿ, ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ. ಸ್ಪ್ರಿಂಗಿನ ಯು ಬೋಲ್ಟ್, ಸ್ಟೇರಿಂಗ್ ಬಾಕ್ಸ್ ಬೋಲ್ಟ್ ಬಿಗಿ ಮಾಡಿ.

ಉತ್ತರ (ಧಾರವಾಡದಿಂದ):
ಒಂದು ಮಾತು ಸೇರಿಸುತ್ತೇನೆ. ಇನ್ನು ಮುಂದೆ ಹೊಲದಿಂದ ಬಂದ ದಿನವೇ, ಮಣ್ಣು ಹಸಿ ಇರುವಾಗಲೇ ರಿಮ್ ಒಳಗೆ ನೀರು ಹೊಡೆಯಿರಿ. ಬ್ರೇಕ್ ಡ್ರಮ್ಮಿಗೆ ನೀರು ಹೋಗಿರುತ್ತದೆ, ಹಾಗಾಗಿ ಮೊದಲು ನಿಧಾನ ಓಡಿಸುತ್ತ ಬ್ರೇಕ್ ಹದವಾಗಿ ಒತ್ತಿ ಒಣಗಿಸಿ, ಆಮೇಲೆ ದೊಡ್ಡ ರೋಡಿಗೆ ಇಳಿಯಿರಿ.