ಹನ್ನೊಂದು ವಾರದ ಮಗುವಿಗೆ ಬಜೆ ತೇಯ್ದು ಹಾಕಬಹುದಾ?

ಮ್ಯೂನಿಕ್, ಹೊಸ ಸದಸ್ಯೆ
ಎಲ್ಲರಿಗೂ ನಮಸ್ಕಾರ. ಮಗುವಿಗೆ ಈಗ ಹನ್ನೊಂದು ವಾರ. ಸಂಜೆಯಾದರೆ ಸಾಕು, ಕಾಲು ಮಡಚಿಕೊಂಡು ಒಂದೇ ಸಮ ಅಳು. ಬಾಣಂತನಕ್ಕೆ ಬಂದಿರುವ ಅತ್ತೆ ಸಾಣೆಕಲ್ಲು, ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ ಎಲ್ಲ ತಂದಿದ್ದಾರೆ. ದಿನಾ ಒಂದೊಂದು ಸುತ್ತು ಎದೆಹಾಲಲ್ಲಿ ತೇಯ್ದು ನಾಲಿಗೆಗೆ ಹಚ್ಚೋಣ ಅಂತಾರೆ. ಕೈಗೆ ಬಜೆ ಬಳೆಯನ್ನೂ ಕಟ್ಟಿದ್ದಾಗಿದೆ. ಇಲ್ಲಿನ ಡಾಕ್ಟರಿಗೆ ಬಜೆ ಅಂದರೆ ಏನಂತಲೇ ಗೊತ್ತಿಲ್ಲ. ಕೊಡಬಹುದಾ? ಕೊಟ್ಟರೆ ಎಷ್ಟು?

ಸ್ಯಾನ್ ಹೋಸೆ
ಧಾರಾಳವಾಗಿ ಕೊಡಿ. ಹರಳೆಣ್ಣೆ ದೀಪದಲ್ಲಿ ಚೆನ್ನಾಗಿ ಸುಟ್ಟು, ಆಮೇಲೆ ತೇಯಬೇಕು. ಹಸಿ ಬಜೆ ತೇಯಬಾರದು, ಅಷ್ಟೇ. ಮಾತು ಸ್ಪಷ್ಟ ಬರುತ್ತೆ, ಬುದ್ಧಿ ಚುರುಕಾಗುತ್ತೆ. ನಮ್ಮ ಮಕ್ಕಳೆಲ್ಲ ಬಜೆ ತಿಂದೇ ಬೆಳೆದವರು, ಇಬ್ಬರೂ ಎಂಜಿನಿಯರ್.

ಎಡಿನ್‌ಬರಾ, ಔಷಧ ವಿಭಾಗ
ಬಾಯಿಗೆ ಬೇಡ. ಕಾರಣ ಹೇಳ್ತೀನಿ.
ಬಜೆ ಗಡ್ಡೆಯ ವಾಸನೆ ಇರುವುದು ಅದರ ಎಣ್ಣೆಯಲ್ಲಿ. ಆ ಎಣ್ಣೆಯ ಮುಖ್ಯ ಅಂಶ ಬೀಟಾ ಅಸರೋನ್. ಪ್ರಾಣಿಗಳಿಗೆ ದೀರ್ಘಕಾಲ ತಿನ್ನಿಸಿದಾಗ ಕ್ಯಾನ್ಸರ್ ಗೆಡ್ಡೆ ಬರಿಸಿದ್ದು ಇದೇ. ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು. ಎಲ್ಲ ಬಜೆಯೂ ಒಂದೇ ಅಲ್ಲ. ಉತ್ತರ ಅಮೆರಿಕದ ಕಾಡುಜಾತಿಗೆ 24 ವರ್ಣತಂತುಗಳು (ಕ್ರೋಮೋಸೋಮ್), ಅದರಲ್ಲಿ ಬೀಟಾ ಅಸರೋನ್ ಇಲ್ಲ. ಯುರೋಪಿನ ಕೆರೆದಂಡೆಯ ಬಜೆ 'ಕಾಲ್ಮುಸ್'ಗೆ 36, ಅದರಲ್ಲಿ ಸ್ವಲ್ಪ. ಭಾರತದ್ದರಲ್ಲಿ 48 ಇರುವ ಬಗೆಯೇ ಅತಿ ಹೆಚ್ಚು ಅಸರೋನಿನದು. ಆ ಬಗೆಯನ್ನು ರುಚಿ ಪದಾರ್ಥಕ್ಕೆ ಬಳಸುವಂತಿಲ್ಲ ಅಂತ ಯುರೋಪಿನ ಕಾನೂನೇ ಇದೆ. ಊರಿನ ಗ್ರಂಥಿಗೆ ಅಂಗಡಿಯಿಂದ ತಂದ ಗಡ್ಡೆಯಲ್ಲಿ ಯಾವುದಿದೆ ಅಂತ ಕಣ್ಣಿಂದ ಹೇಳಕ್ಕಾಗಲ್ಲ.
ಇನ್ನು 'ಒಂದು ಸುತ್ತು' ಅನ್ನುವ ಅಳತೆ. ಕಲ್ಲು ತರಿಯಾಗಿದ್ದರೆ ಒಂದು ಸುತ್ತಿಗೆ ಇಳಿಯುವುದು, ನುಣುಪು ಕಲ್ಲಲ್ಲಿ ನಾಲ್ಕು ಸುತ್ತು ತೇಯ್ದರೂ ಇಳಿಯಲ್ಲ. ಕೈಬಲ ಬೇರೆ, ಗಡ್ಡೆ ಎಷ್ಟು ಹಳೆಯದು ಅನ್ನೋದು ಬೇರೆ. ಸುಟ್ಟರೆ ಎಣ್ಣೆ ಹಾರಿಹೋಗುತ್ತೆ ಅನ್ನೋದೂ ಅರ್ಧ ಸತ್ಯ. ಹೊರಗೆ ಕರಿ ಇದ್ದಿಲಾದರೂ ಒಡೆದು ನೋಡಿ, ನಡುವೆ ನಸುಗೆಂಪಾಗಿ, ಘಾಟಾಗಿ ಹಸಿಯಾಗೇ ಇರುತ್ತೆ. ತೇಯುತ್ತಾ ಹೋದಂತೆ ಇಳಿಯೋದು ಅದೇ.

ಮೆಲ್ಬರ್ನ್, ಆಯುರ್ವೇದ
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಶಾಸ್ತ್ರದಲ್ಲಿ ವಚಾ, ಅಂದರೆ ಬಜೆ, ಶೋಧನೆ (ಶುದ್ಧಿ ಮಾಡುವುದು) ಇಲ್ಲದೆ ಕೊಡುವ ದ್ರವ್ಯವಲ್ಲ. ಗೋಮೂತ್ರ, ಆಮೇಲೆ ಮುಂಡಿ ಗಿಡದ ಕಷಾಯ, ಪಂಚಪಲ್ಲವ (ಐದು ಬಗೆಯ ಚಿಗುರು) ಕಷಾಯದಲ್ಲಿ ಬೇಯಿಸಿ, ಕೊನೆಗೆ ಗಂಧೋದಕದ (ಸುಗಂಧದ ನೀರಿನ) ಹಬೆಯಲ್ಲಿ ಹಾಯಿಸಬೇಕು. ಅಷ್ಟಾದ ಮೇಲೂ ದೊಡ್ಡವರಿಗೆ ಕೊಡುವ ಪ್ರಮಾಣ 60ರಿಂದ 120 ಮಿಲಿಗ್ರಾಂ ಮಾತ್ರ, ಅಂದರೆ ಒಂದು ಚಿಟಿಕೆಗೂ ಕಮ್ಮಿ. 1ರಿಂದ 2 ಗ್ರಾಂ ವಾಂತಿ ಮಾಡಿಸೋಕೆ ಅಂತ ಬರೆದಿದೆ. ಐದಾರು ಕೆಜಿ ತೂಕದ ಕೂಸಿಗೆ ಅಶೋಧಿತ ಬಜೆ ಮನೆಯಲ್ಲಿ ತೇಯೋದು ಆಯುರ್ವೇದವೂ ಅಲ್ಲ.

ಡಲ್ಲಾಸ್, ಹಿರಿಯ ಸದಸ್ಯರು
ಇದೇ ನೋಡಿ ನಮ್ಮವರ ಗೋಳು. ಇಲಿಗೆ ತಿಂಗಳುಗಟ್ಟಲೆ ಬಜೆ ಎಣ್ಣೆ ತಿನ್ನಿಸಿ ಕ್ಯಾನ್ಸರ್ ಗೆಡ್ಡೆ ಬಂತು ಅಂದರೆ ಅದಕ್ಕೂ ಸಾಣೆಕಲ್ಲಿನ ಒಂದು ಸುತ್ತಿಗೂ ಏನು ಸಂಬಂಧ? ಆ ಪ್ರಯೋಗಕ್ಕೆ ಬಳಸಿದ್ದು ಜಮ್ಮು ಬಜೆಯ ಎಣ್ಣೆ, ಗಡ್ಡೆಯಲ್ಲ! ನಮ್ಮ ತುಮಕೂರು ಜಿಲ್ಲೆ ಕೊರಟಗೆರೆ ಕಡೆ ಗದ್ದೆಯಲ್ಲಿ ನೀರು ನಿಲ್ಲಿಸಿ ಬಜೆ ಬೆಳೆದು ಎಷ್ಟು ರೈತರು ಬದುಕಿದ್ದಾರೆ ಗೊತ್ತಾ? ಸಾವಿರ ವರ್ಷದ ಅನುಭವಕ್ಕಿಂತ ನಿಮಗೆ ಬಿಳಿಯರ ಕಾನೂನು ದೊಡ್ಡದಾಯ್ತು. ಮಗು ಅಳ್ತಾ ಇದೆ, ಇಲ್ಲಿ ವರ್ಣತಂತು ಎಣಿಸ್ತಾ ಕೂತಿದ್ದೀರಿ. ಈಗಿನ ಮಕ್ಕಳಿಗೆ ಕನ್ನಡ ಬಾರದೆ ಇರೋದಕ್ಕೂ ಇದೇ ಕಾರಣ, ಯಾವುದರಲ್ಲೂ ನಂಬಿಕೆ ಇಲ್ಲ.

ಸಿಂಗಪುರ
ಡಲ್ಲಾಸ್ ಸರ್ ಸರಿಯಾಗಿ ಹೇಳಿದ್ರಿ!

ರೆಡಿಂಗ್, ಧಾರವಾಡದಾಕಿ
ಕನ್ನಡಕ್ಕೂ ಬಜಿಗೂ ಏನ್ ಸಂಬಂಧ ರೀ? ನಾಲಿಗಿಗೆ ಬಜಿ ತೀಡಿದ್ರ ಮಾತು ಬರ್ತದ ಅನ್ನೋದು ಕೇಳ್ಕೊಂಡ್ ಬಂದದ್ದು ಹೌದು. ಆದ್ರ ಮಾತು ತಡಾ ಆತಂದ್ರ ಮದಲ ಕಿವಿ ಪರೀಕ್ಷೆ ಮಾಡಸ್ಬೇಕು. ಎರಡ ಭಾಷಾ ಮಾತಾಡಿದ್ರ ಕೂಸಿಗೆ ಮಾತು ತಡಾ ಆಗೂದಿಲ್ಲ. ಮನ್ಯಾಗ ಕನ್ನಡ ಮಾತಾಡ್ರಿ, ಸಾಕು.

ಎಡಿನ್‌ಬರಾ, ಔಷಧ ವಿಭಾಗ
ಇಲಿಗೆ ಕೊಟ್ಟ ಪ್ರಮಾಣ ಜಾಸ್ತಿ ಅನ್ನೋದು ನಿಜ. ಒಂದು ಸುತ್ತು ತೇಯ್ದ ಮಾತ್ರಕ್ಕೆ ಕ್ಯಾನ್ಸರ್ ಬರುತ್ತೆ ಅಂತ ಯಾರೂ ಹೇಳಿಲ್ಲ. ಹಸುಗೂಸಿನಲ್ಲಿ ನಾವು ಹೆದರೋದು ಬೇರೆಯದಕ್ಕೆ: ಬಜೆ ಹೆಚ್ಚಾದರೆ ವಾಂತಿ ಗಂಟೆಗಟ್ಟಲೆ ನಿಲ್ಲದೆ ಬರಬಹುದು. ಅಷ್ಟು ಚಿಕ್ಕ ಮಗುವಿನ ಮೈನೀರು ಹೋದರೆ ಆಸ್ಪತ್ರೆಯೇ ಗತಿ. ಜಾಯಿಕಾಯಿಯದಂತೂ ಇನ್ನೂ ಕಷ್ಟ. ಜಾಯಿಕಾಯಿ ಹಾಕಿದ ರಾತ್ರಿ ಮಗು ಗಪ್ಪಂತ ಮಲಗಿತು ಅಂದರೆ ಹೊಟ್ಟೆನೋವು ವಾಸಿಯಾಯ್ತು ಅಂತಲ್ಲ, ಮಂಪರು ಬಂತು ಅಂತ. ಅಳಲೆಕಾಯಿ ಭೇದಿ ಮಾಡಿಸೋಕೆ, ಮಾಚಿಕಾಯಿ ಭೇದಿ ಕಟ್ಟೋಕೆ. ಎರಡನ್ನೂ ಒಟ್ಟಿಗೆ ತೇಯ್ದರೆ ಯಾವುದು ಏನು ಮಾಡಿತು ಅಂತ ತಿಳಿಯೋದು ಹೇಗೆ? ಜೇನಿನಲ್ಲಿ ಕಲಸಿ ಅಂತ ಯಾರಾದರೂ ಹೇಳಿದರೆ ವರ್ಷ ತುಂಬುವ ತನಕ ಜೇನು ಬೇಡವೇ ಬೇಡ, ಬಾಟುಲಿಸಂ (ನರಗಳನ್ನು ಸೋಲಿಸುವ ವಿಷಬಾಧೆ) ಅಪಾಯ ಇದೆ.

ಡಲ್ಲಾಸ್, ಹಿರಿಯ ಸದಸ್ಯರು
ಹೆದರಿಸೋದೇ ಕೆಲಸ ಆಗೋಯ್ತು. ನನ್ನ ಪ್ರಶ್ನೆಗೆ ಉತ್ತರ ಎಲ್ಲಿ? ಜಮ್ಮು ಬಜೆ, ಎಣ್ಣೆ. ಓದಿ.

ಸ್ಯಾನ್ ಹೋಸೆ
ಕೊರಟಗೆರೆ ಬಜೆ ಇಲ್ಲಿ ಸಿಗುತ್ತಾ? ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.

ಫ್ರಾಂಕ್‌ಫರ್ಟ್
ಹೊಸ ಸದಸ್ಯೆಯವರೇ, ನಿಮ್ಮ ಪ್ರಶ್ನೆ ಎಲ್ಲರೂ ಮರೆತರು.
ಜರ್ಮನಿಯಲ್ಲಿ ಹೆಬಾಮೆ, ಅಂದರೆ ಸೂಲಗಿತ್ತಿ, ಮನೆಗೆ ಬರುವ ಖರ್ಚನ್ನು ಸರ್ಕಾರಿ ವಿಮೆ ಹೆರಿಗೆಯಾಗಿ ಹನ್ನೆರಡು ವಾರದವರೆಗೆ ಕೊಡುತ್ತೆ. ನಿಮಗೆ ಇರೋದು ಇನ್ನೊಂದೇ ವಾರ, ಇವತ್ತೇ ಫೋನ್ ಮಾಡಿ. ಹಾಲು ಕುಡಿಸುವ ಭಂಗಿ ನೋಡಲು ಹೇಳಿ. ಹೊಟ್ಟೆಗೆ ಗಾಳಿ ಹೋಗೋದು ಬಹಳ ಸಲ ಮೊಲೆ ಸರಿಯಾಗಿ ಕಚ್ಚದೆ. ಸಂಜೆಯ ಈ ಅಳು ಸಾಮಾನ್ಯವಾಗಿ ಆರನೇ ವಾರದ ಹೊತ್ತಿಗೆ ಜೋರಾಗಿ, ಮೂರ್ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತೆ. ಬಜೆ ಕೊಟ್ಟ ಹತ್ತನೇ ದಿನ ಅಳು ನಿಂತಿತು ಅನ್ನೋರಲ್ಲಿ ಎಷ್ಟೋ ಮಂದಿ ನಿಜವಾಗಿ ಕಂಡಿರೋದು ಇದನ್ನೇ.
ಅತ್ತೆಯವರನ್ನು ಕೈ ಕಟ್ಟಿ ಕೂರಿಸಬೇಡಿ. ವೀಳ್ಯದೆಲೆಗೆ ಹರಳೆಣ್ಣೆ ಸವರಿ, ಹಂಚಿಗೆ ತೋರಿಸಿ ಬೆಚ್ಚಗೆ ಮಾಡಿ ಹೊಟ್ಟೆ ಮೇಲೆ ಇಡೋದು ಅವರಿಗೆ ಗೊತ್ತಿರುತ್ತೆ. ಮೊದಲು ನಿಮ್ಮ ಮಣಿಕಟ್ಟಿನ ಒಳಗೆ ಇಟ್ಟು ನೋಡಿ, ಚುರುಕ್ ಅಂದರೆ ಆರಲಿ. ಆಮೇಲೆ ಹೊಕ್ಕುಳ ಸುತ್ತ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಬೆರಳುಗಳಿಂದ ನೀವೋದು, ಕಾಲನ್ನು ಸೈಕಲ್ ತುಳಿದ ಹಾಗೆ ಆಡಿಸೋದು. ಹಾಲು ಕುಡಿದ ತಕ್ಷಣ ಇವೆರಡೂ ಬೇಡ, ಕಕ್ಕಿಬಿಡುತ್ತೆ. ಹಚ್ಚುವ ಎಣ್ಣೆಗೂ ಬಜೆ ಸೇರಿಸಬೇಡಿ, ಮಗುವಿನ ಚರ್ಮ ತೆಳು, ಕೈ ಬಾಯಿಗೆ ಹೋಗುತ್ತೆ.
ಬಳೆ ಬಿಚ್ಚಿ. ಮೂರು ತಿಂಗಳಿಗೆ ಮುಷ್ಟಿ ಬಾಯಿಗೆ ಹೋಗಲು ಶುರು, ಜೊಲ್ಲಿಗೆ ನೆನೆದ ಬಜೆ ಎಳೆ ಎಳೆಯಾಗಿ ಬಿಡುತ್ತೆ. ದಾರವೂ ಬಿಗಿಯಾಗುತ್ತೆ, ಮಣಿಕಟ್ಟು ದಿನದಿನಕ್ಕೆ ದಪ್ಪವಾಗ್ತಾ ಇರುತ್ತಲ್ಲ.
ಜ್ವರ 38 ಡಿಗ್ರಿ ಮುಟ್ಟಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಹಾಲು ಬಿಟ್ಟರೆ ಬೆಳಗಾಗುವ ತನಕ ಕಾಯಬೇಡಿ.

ಬ್ಯಾಂಗಲೋರಿಂದ ಸಿಡ್ನಿ
ತಂದ ಬಜೆ ಬಿಸಾಡಬೇಡಿ. ಹಳ್ಳಿಯಲ್ಲಿ ಬಿತ್ತನೆ ಬೀಜಕ್ಕೆ ಕೆಜಿಗೆ 10 ಗ್ರಾಂ ಪುಡಿ ಬೆರೆಸಿದರೆ ಹುಳ ಹತ್ತಲ್ಲ, ಇದೇ ಅಸರೋನಿನ ಪ್ರಭಾವ. ತಿನ್ನುವ ಕಾಳಿಗೆ ಪುಡಿ ಬೆರೆಸಬಾರದು. ಇಡೀ ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಉಣ್ಣೆ ಬಟ್ಟೆಯ ಪೆಟ್ಟಿಗೆಯಲ್ಲಿ ಇಡಿ, ನುಸಿ ಬರಲ್ಲ. ಮಗುವಿನ ಬಟ್ಟೆ ಜೊತೆ ಮಾತ್ರ ಬೇಡ.

ಡಲ್ಲಾಸ್, ಹಿರಿಯ ಸದಸ್ಯರು
ನೋಡಿ, ಹುಳಕ್ಕೆ ವಿಷ ಅಂತ ಅವರೇ ಒಪ್ಪಿಕೊಂಡರು. ಮನುಷ್ಯರು ಹುಳ ಅಲ್ಲ!

ಮ್ಯೂನಿಕ್, ಹೊಸ ಸದಸ್ಯೆ
ಬಳೆ ಬಿಚ್ಚಿದ್ದೇವೆ. ಹೆಬಾಮೆ ನಾಳೆ ಬರ್ತಾರೆ. ಅತ್ತೆ ನಿನ್ನೆಯೇ ಒಂದು ಸುತ್ತು ಹಚ್ಚಿದ್ದಾರಂತೆ, ವಾಂತಿ ಏನೂ ಇಲ್ಲ. ಹೆಬಾಮೆಗೆ ಹೇಳಬೇಕಾ?

ಫ್ರಾಂಕ್‌ಫರ್ಟ್
ಹೇಳಿ, ಮುಚ್ಚಿಡಬೇಡಿ. 'ಕಾಲ್ಮುಸ್' ಅಂದರೆ ಅವರಿಗೆ ತಕ್ಷಣ ಅರ್ಥವಾಗುತ್ತೆ. ಆದರೆ ಇದು ಭಾರತದ ಗಡ್ಡೆ, ಇಲ್ಲಿನದಕ್ಕಿಂತ ಘಾಟು ಅಂತಲೂ ಸೇರಿಸಿ. ಏನು ತೇಯ್ದರು, ಎಷ್ಟು ಹೊತ್ತಿಗೆ, ಎಷ್ಟು ಸುತ್ತು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ವಾಂತಿ ಶುರುವಾದರೆ ಮ್ಯೂನಿಕ್ ವಿಷ ಮಾಹಿತಿ ಕೇಂದ್ರಕ್ಕೆ 089 19240, ರಾತ್ರಿಯೂ ತೆಗೆಯುತ್ತಾರೆ. ಗಡ್ಡೆಯ ಒಂದು ತುಂಡು ಪಕ್ಕದಲ್ಲಿರಲಿ.

ಸಿಂಗಪುರ
ಮೇಡಂ, ಆ ಸಾಣೆಕಲ್ಲು ಎಲ್ಲಿ ತಗೊಂಡ್ರಿ? ಗಂಧ ತೇಯೋಕೆ ಬೇಕಿತ್ತು.