ಆಸ್ಟೆಕ್ ಜನರ ಮನೆ, ಒಲೆ, ಸಂತೆ: ಗುಂಪಿನಲ್ಲಿ ಬಂದ ಪ್ರಶ್ನೆಗಳು

ಪ್ರಶ್ನೆ (ಹೈಸ್ಕೂಲ್ ಶಿಕ್ಷಕಿ, ಧಾರವಾಡ): ಸರ್, ನಮಸ್ಕಾರ. ನಮ್ಮ ಮಕ್ಕಳಿಗೆ ಹಳೆಯ ನಾಗರಿಕತೆಗಳ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದೆ. ಆಸ್ಟೆಕ್ ವಿಷಯ ಆರಿಸಿಕೊಂಡವರೆಲ್ಲ ಬರೆದು ತಂದದ್ದು ನರಬಲಿ, ಪಿರಮಿಡ್, ಯುದ್ಧ, ಅಷ್ಟೇ. ಈ ಜನ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದರು? ಏನು ತಿನ್ನುತ್ತಿದ್ದರು? ಮಕ್ಕಳನ್ನು ಹೇಗೆ ಬೆಳೆಸುತ್ತಿದ್ದರು? ನೀವು ಮೆಕ್ಸಿಕೊ ಇತಿಹಾಸ ಪಾಠ ಮಾಡುವವರು, ಸ್ವಲ್ಪ ವಿವರವಾಗಿ ಹೇಳುತ್ತೀರಾ?

ಉತ್ತರ: ನಮಸ್ಕಾರ ಮೇಡಂ. ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಮೊದಲು ಕಾಲದ ಲೆಕ್ಕ ಸರಿ ಮಾಡಿಕೊಳ್ಳೋಣ. ಆಸ್ಟೆಕ್ ಅಂದ ಕೂಡಲೇ ಈಜಿಪ್ಟಿನಷ್ಟು ಹಳಬರು ಅಂದುಕೊಳ್ಳುತ್ತೇವೆ. ಹಾಗಲ್ಲ. ಅವರ ರಾಜಧಾನಿ ತೆನೊಚ್ತಿತ್ಲಾನ್ (ಈಗಿನ ಮೆಕ್ಸಿಕೊ ನಗರದ ಜಾಗದಲ್ಲಿ, ಕೆರೆಯ ನಡುವೆ ಇದ್ದ ಊರು) ಹುಟ್ಟಿದ್ದು 1325ರಲ್ಲಿ ಎಂಬುದು ಅವರದೇ ನಂಬಿಕೆ. ನಮ್ಮ ವಿಜಯನಗರ 1336. ತೆನೊಚ್ತಿತ್ಲಾನ್ ಸ್ಪ್ಯಾನಿಷರ ಕೈಗೆ ಬಿದ್ದದ್ದು 1521ರ ಆಗಸ್ಟ್ 13ರಂದು. ಆಗ ಇಲ್ಲಿ ಕೃಷ್ಣದೇವರಾಯ ಆಳುತ್ತಿದ್ದ. ನಿಮ್ಮ ಮಕ್ಕಳಿಗೆ ಇದೊಂದು ಹೇಳಿಬಿಡಿ, ಕಾಲ ತಾನಾಗಿ ಕಣ್ಣಿಗೆ ಕಟ್ಟುತ್ತದೆ.

ಈಗ ಬೆಳಗಿನ ಮಾತು. ಊರು ಏಳುವ ಮೊದಲೇ ಹೆಂಗಸು ಏಳುತ್ತಿದ್ದಳು. ಒಲೆಯ ಕೆಂಡ ಕೆದಕಿ ಬೆಂಕಿ ಮಾಡುವುದು, ಅಂಗಳ ಗುಡಿಸುವುದು. ಗುಡಿಸುವುದು ಸುಮ್ನೆ ಮನೆಗೆಲಸ ಅಲ್ಲ, ಅದು ದೇವರ ಕೆಲಸ. ವರ್ಷದ ಹದಿನೆಂಟು ತಿಂಗಳಲ್ಲಿ ಒಂದು ತಿಂಗಳ ಹಬ್ಬವೇ ಗುಡಿಸುವುದಕ್ಕೆ ಮೀಸಲಾಗಿತ್ತು. (ಅವರ ತಿಂಗಳಿಗೆ 20 ದಿನ. ಕೊನೆಗೆ 5 ದಿನ ಉಳಿಯುತ್ತಿತ್ತು. ಆ ಐದು ದಿನ ಅಶುಭ, ಜನ ಆದಷ್ಟು ಮನೆಯಲ್ಲೇ ಇರುತ್ತಿದ್ದರು.)

ಗುಡಿಸಿದ ಮೇಲೆ ಅರೆಯುವ ಕೆಲಸ. ಹಿಂದಿನ ರಾತ್ರಿ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಹಾಕಿರುತ್ತಾರೆ. ಬೆಳಿಗ್ಗೆ ಅದನ್ನು ತೊಳೆದು, ಮೂರು ಕಾಲಿನ ಇಳಿಜಾರು ಕಲ್ಲಿನ ಮುಂದೆ ಮಂಡಿಯೂರಿ, ಎರಡೂ ಕೈಯಲ್ಲಿ ಕಲ್ಲಿನ ಗುಂಡು ಹಿಡಿದು ಮುಂದಕ್ಕೆ ಹಿಂದಕ್ಕೆ ಉಜ್ಜಿ ಹಿಟ್ಟು ಮಾಡಬೇಕು. ಆ ಕಲ್ಲಿಗೆ ಮೆಟಾಟೆ ಅನ್ನುತ್ತಾರೆ. ಇಡೀ ಸಂಸಾರಕ್ಕೆ ಆಗುವಷ್ಟು ಅರೆಯಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಮಣ್ಣಿನ ಕಾವಲಿಯ ಮೇಲೆ ಬೇಯಿಸಿದರೆ ರೊಟ್ಟಿ. ಮೆಕ್ಕೆಜೋಳದ ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿಟ್ಟರೆ ತಮಾಲೆ. ನೀರಿಗೆ ಕದಡಿ ಕಾಯಿಸಿದರೆ ಅಟೋಲೆ ಎಂಬ ಗಂಜಿ. ಜೊತೆಗೆ ಹುರುಳಿಕಾಯಿ ಜಾತಿಯ ಕಾಳು, ಕುಂಬಳ, ಟೊಮ್ಯಾಟೊ, ರಾಜಗಿರಿ. ಮೆಣಸಿನಕಾಯಂತೂ ಇಲ್ಲದ ಊಟವೇ ಇಲ್ಲ. ಉಪವಾಸ ಅಂದರೆ ಉಪ್ಪು ಮತ್ತು ಮೆಣಸಿನಕಾಯಿ ಬಿಡುವುದು ಎಂದೇ ಅರ್ಥ. ಮಾಂಸ ಕಡಿಮೆ: ಟರ್ಕಿ ಕೋಳಿ, ನಾಯಿ, ಕೆರೆಯ ಮೀನು ಮತ್ತು ಬಾತುಕೋಳಿ. ಕೆರೆಯ ನೀರಿನ ಮೇಲೆ ಕಟ್ಟುತ್ತಿದ್ದ ಹಸಿರು ಪಾಚಿಯನ್ನೂ ಬಲೆಯಲ್ಲಿ ಎತ್ತಿ, ಒಣಗಿಸಿ, ಬಿಲ್ಲೆ ಮಾಡಿ ತಿನ್ನುತ್ತಿದ್ದರು. ಈಗ ಸ್ಪಿರುಲಿನಾ ಅಂತ ಮೆಡಿಕಲ್ ಶಾಪಿನಲ್ಲಿ ಮಾರುವುದು ಅದೇ ಜಾತಿ.

ಪ್ರಶ್ನೆ (ಆಹಾರ ವಿಜ್ಞಾನ ವಿದ್ಯಾರ್ಥಿನಿ): ಸರ್, ಸುಣ್ಣ ಯಾಕೆ? ಸಿಪ್ಪೆ ಬಿಡಿಸೋಕಾ?

ಉತ್ತರ: ಸಿಪ್ಪೆ ಬಿಡುತ್ತದೆ, ಹಿಟ್ಟು ಮುರಿಯದೆ ತಟ್ಟಲು ಬರುತ್ತದೆ, ಕ್ಯಾಲ್ಸಿಯಂ ಸೇರುತ್ತದೆ. ಆದರೆ ದೊಡ್ಡ ಲಾಭ ಬೇರೆ. ಮೆಕ್ಕೆಜೋಳದಲ್ಲಿರುವ ನಿಯಾಸಿನ್ ಎಂಬ ವಿಟಮಿನ್ ದೇಹಕ್ಕೆ ಸಿಗದ ಹಾಗೆ ಕಟ್ಟಿಕೊಂಡಿರುತ್ತದೆ. ಸುಣ್ಣ ಅದನ್ನು ಬಿಡಿಸುತ್ತದೆ. ಮೆಕ್ಕೆಜೋಳ ಯುರೋಪಿಗೆ ಹೋಯಿತು, ಸುಣ್ಣದ ಪದ್ಧತಿ ಹೋಗಲಿಲ್ಲ. ಬರೀ ಮೆಕ್ಕೆಜೋಳ ತಿಂದು ಬದುಕಿದ ಇಟಲಿಯ, ಸ್ಪೇನಿನ ಬಡವರಿಗೆ ನಿಯಾಸಿನ್ ಕೊರತೆಯ ಕಾಯಿಲೆ ಪೆಲ್ಲಾಗ್ರ ಬಂತು. ಚರ್ಮ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಸಾವಿರಾರು ಜನ ಇದರಿಂದ ಸತ್ತರು. ಮೆಕ್ಸಿಕೊದ ಹೆಂಗಸರು ಸಾವಿರಾರು ವರ್ಷದಿಂದ ಮಾಡಿಕೊಂಡು ಬಂದ ಒಂದು ಅಡುಗೆಮನೆ ಕೆಲಸ ಅಷ್ಟೂ ಜನರನ್ನು ಉಳಿಸಬಹುದಿತ್ತು.

ಪ್ರಶ್ನೆ (ಮೊದಲಿನ ಶಿಕ್ಷಕಿ): ಮಕ್ಕಳ ವಿಷಯ ಹೇಳಲಿಲ್ಲ ನೀವು.

ಉತ್ತರ: ಅದಕ್ಕೆ ನಮ್ಮ ಹತ್ತಿರ ಅಪರೂಪದ ದಾಖಲೆ ಇದೆ. ಕೋಡೆಕ್ಸ್ ಮೆಂಡೋಜಾ ಅಂತ. 1540ರ ಸುಮಾರಿಗೆ ಅಲ್ಲಿನ ಚಿತ್ರಕಾರರೇ ಬರೆದದ್ದು, ಈಗ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರಲ್ಲಿ ಮಗು ಬೆಳೆಯುವುದನ್ನು ವರ್ಷ ವರ್ಷಕ್ಕೂ ಚಿತ್ರಿಸಿದ್ದಾರೆ. ಎಡಕ್ಕೆ ಅಪ್ಪ ಮತ್ತು ಮಗ, ಬಲಕ್ಕೆ ಅಮ್ಮ ಮತ್ತು ಮಗಳು. ಮಕ್ಕಳ ಪಕ್ಕ ನೀಲಿ ಚುಕ್ಕೆಗಳು, ಎಷ್ಟು ಚುಕ್ಕೆಯೋ ಅಷ್ಟು ವಯಸ್ಸು. ಮೇಲೆ ರೊಟ್ಟಿಯ ಚಿತ್ರ. ಮೂರು ವರ್ಷಕ್ಕೆ ಅರ್ಧ ರೊಟ್ಟಿ. ನಾಲ್ಕಕ್ಕೆ ಒಂದು. ಆರಕ್ಕೆ ಒಂದೂವರೆ. ಹದಿಮೂರಕ್ಕೆ ಎರಡು. ಇಷ್ಟು ಸಣ್ಣ ವಿಷಯವನ್ನು ಬರೆದಿಟ್ಟಿದ್ದಾರಲ್ಲ, ನನಗೆ ಆ ಪುಟಗಳ ಮೇಲೆ ಬಹಳ ಪ್ರೀತಿ.

ಕೆಲಸವೂ ವಯಸ್ಸಿನ ಪ್ರಕಾರವೇ. ಹುಡುಗ ನೀರು ಹೊರುವುದರಿಂದ ಶುರು ಮಾಡಿ, ಹದಿಮೂರಕ್ಕೆ ದೋಣಿಯಲ್ಲಿ ಜೊಂಡು ತರುತ್ತಾನೆ, ಹದಿನಾಲ್ಕಕ್ಕೆ ಮೀನು ಹಿಡಿಯುತ್ತಾನೆ. ಹುಡುಗಿ ಚಿಕ್ಕಂದಿನಲ್ಲೇ ಕದಿರು ಹಿಡಿಯುತ್ತಾಳೆ. ಹದಿಮೂರಕ್ಕೆ ಮೆಟಾಟೆ ಮುಂದೆ ಕೂರುತ್ತಾಳೆ, ಹದಿನಾಲ್ಕಕ್ಕೆ ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ಬಟ್ಟೆ ನೇಯುತ್ತಾಳೆ.

ಶಾಲೆಗೂ ಕಳಿಸುತ್ತಿದ್ದರು. ದೊಡ್ಡ ಮನೆತನದ ಹುಡುಗರಿಗೆ ಕಲ್ಮೆಕಾಕ್, ಅಲ್ಲಿ ಪೂಜಾರಿಕೆ, ಪಂಚಾಂಗ, ಮಾತುಗಾರಿಕೆ. ಸಾಮಾನ್ಯರ ಹುಡುಗರಿಗೆ ತೆಲ್ಪೊಚ್ಕಲ್ಲಿ, ಅಲ್ಲಿ ಯುದ್ಧವಿದ್ಯೆ ಮತ್ತು ಊರ ಕೆಲಸ. ಹಾಡು ಕುಣಿತ ಕಲಿಯಲು ಹುಡುಗ ಹುಡುಗಿಯರಿಬ್ಬರೂ ಸಂಜೆ ಹೋಗುವ ಬೇರೆ ಮನೆಯೇ ಇತ್ತು. 16ನೇ ಶತಮಾನದಲ್ಲಿ ಬಡವರ ಮಕ್ಕಳಿಗೂ ಕಡ್ಡಾಯ ಶಾಲೆ ಅಂದರೆ ಸಣ್ಣ ಮಾತಲ್ಲ.

ಪ್ರಶ್ನೆ (ಇಬ್ಬರು ಮಕ್ಕಳ ತಾಯಿ): ಆ ಪುಸ್ತಕದಲ್ಲೇ ಮಗುವಿನ ಮುಖವನ್ನು ಮೆಣಸಿನಕಾಯಿ ಹೊಗೆಗೆ ಹಿಡಿದ ಚಿತ್ರ ನೋಡಿದ್ದೇನೆ. ಎಷ್ಟು ಕ್ರೂರ ಅಲ್ವಾ?

ಉತ್ತರ: ಹೌದು ಅಮ್ಮ, ಹನ್ನೊಂದನೇ ವರ್ಷದ ಚಿತ್ರ ಅದು. ಅದಕ್ಕೂ ಮೊದಲು ಕತ್ತಾಳೆ ಮುಳ್ಳು ಚುಚ್ಚುವ ಶಿಕ್ಷೆಯೂ ಇದೆ. ಕಷ್ಟ ಸಹಿಸದ ಮಗು ಮುಂದೆ ಬದುಕಲಾರದು ಅನ್ನುವುದು ಅವರ ನಂಬಿಕೆ. ನಾನು ಅದನ್ನು ಸರಿ ಅನ್ನುವುದಿಲ್ಲ. ಆದರೆ ಇದೇ ಜನ ಮಗಳನ್ನು ಕೂರಿಸಿಕೊಂಡು ಬುದ್ಧಿ ಹೇಳುವಾಗ 'ನನ್ನ ಕೊರಳ ಹಾರವೇ, ನನ್ನ ಕ್ವೆಟ್ಸಲ್ ಹಕ್ಕಿಯ ಗರಿಯೇ' ಎಂದು ಕರೆಯುತ್ತಿದ್ದರು. ಆ ಹಸಿರು ಗರಿಗಿಂತ ಬೆಲೆಬಾಳುವ ವಸ್ತು ಅವರಿಗೆ ಕಡಿಮೆ. ಬರ್ನಾರ್ಡಿನೊ ದೆ ಸಾಹಗುನ್ ಎಂಬ ಪಾದ್ರಿ ಅಲ್ಲಿನ ವಿದ್ಯಾವಂತರನ್ನು ಜೊತೆಗಿಟ್ಟುಕೊಂಡು, ಅವರ ನಾವಾಟಲ್ ಭಾಷೆಯಲ್ಲೇ ಬರೆಸಿದ 12 ಸಂಪುಟಗಳಲ್ಲಿ ಇಂಥ ಮಾತುಗಳು ಪುಟಗಟ್ಟಲೆ ಇವೆ. ಹೊಗೆಯ ಚಿತ್ರದ ಜೊತೆ ಈ ಮಾತನ್ನೂ ಮಕ್ಕಳಿಗೆ ಓದಿ ಹೇಳಬೇಕು. ಒಂದನ್ನೇ ತೋರಿಸಿದರೆ ಅನ್ಯಾಯವಾಗುತ್ತದೆ.

ಪ್ರಶ್ನೆ (ಕಿರಾಣಿ ವ್ಯಾಪಾರಿ, ಹಾವೇರಿ): ದುಡ್ಡು ಇತ್ತಾ ಸರ್ ಅವರಲ್ಲಿ?

ಉತ್ತರ: ನಾಣ್ಯ ಇರಲಿಲ್ಲ. ಚಿಲ್ಲರೆಗೆ ಕೋಕೋ ಬೀಜ, ದೊಡ್ಡ ವ್ಯವಹಾರಕ್ಕೆ ಹತ್ತಿ ಬಟ್ಟೆ. ಸ್ಪ್ಯಾನಿಷರು ಬಂದ ಮೇಲಿನ ಒಂದು ಬೆಲೆಪಟ್ಟಿ ಉಳಿದಿದೆ, 1545ರದು, ತ್ಲಾಷ್ಕಾಲಾ ಊರಿನದು. ದಪ್ಪ ಟೊಮ್ಯಾಟೊ ಒಂದು ಬೀಜ. ತಮಾಲೆ ಒಂದು ಬೀಜ. ಆಗ ತಾನೇ ಕಿತ್ತ ಬೆಣ್ಣೆಹಣ್ಣು ಮೂರು ಬೀಜ, ಪೂರ್ತಿ ಮಾಗಿದ್ದಾದರೆ ಒಂದೇ. ಹೆಣ್ಣು ಟರ್ಕಿ ಕೋಳಿಗೆ ಒಳ್ಳೆಯ ಬೀಜ 100, ಸುಕ್ಕಿದ್ದಾದರೆ 120. ನೀವು ವ್ಯಾಪಾರಿಗಳು, ಈ ಕೊನೆಯ ಲೆಕ್ಕ ನಿಮಗೆ ಕೂಡಲೇ ಅರ್ಥವಾಗುತ್ತದೆ.

ಖೋಟಾ ಬೀಜವೂ ಇತ್ತು! ಬೀಜದ ಸಿಪ್ಪೆಯೊಳಗೆ ಮಣ್ಣು ತುಂಬುವುದು, ಬೆಣ್ಣೆಹಣ್ಣಿನ ಗೊರಟ ಕೆತ್ತಿ ಬೆರೆಸುವುದು. ರಾಜಧಾನಿಗೆ ಅಂಟಿಕೊಂಡಿದ್ದ ತ್ಲಾತೆಲೋಲ್ಕೊದ ಸಂತೆಯಲ್ಲಿ ಇದಕ್ಕೆಂದೇ ನ್ಯಾಯಾಧೀಶರು ಕೂತಿರುತ್ತಿದ್ದರು, ಅಳತೆಯಲ್ಲಿ ಮೋಸ ಮಾಡಿದರೆ ಅಲ್ಲೇ ವಿಚಾರಣೆ. ಆ ಸಂತೆಗೆ ದಿನಕ್ಕೆ 60,000 ಜನ ಬರುತ್ತಾರೆ ಎಂದು ಆ ಊರನ್ನು ಗೆದ್ದ ಸ್ಪ್ಯಾನಿಷ್ ದಂಡನಾಯಕ ಕೊರ್ಟೆಸ್ ತನ್ನ ರಾಜನಿಗೆ ಬರೆದಿದ್ದ.

ಪ್ರಶ್ನೆ (ಸಿವಿಲ್ ಎಂಜಿನಿಯರ್): ಕೆರೆ ನಡುವೆ ಊರು ಅಂದರೆ ಕುಡಿಯುವ ನೀರು, ಕೊಳಚೆ, ಬೆಳೆ ಎಲ್ಲ ಹೇಗೆ?

ಉತ್ತರ: ಊರಿನ ಸುತ್ತ ಇದ್ದ ಟೆಕ್ಸ್‌ಕೊಕೊ ಕೆರೆಯ ನೀರು ಉಪ್ಪು. ಹಾಗಾಗಿ ದಡದ ಚಪುಲ್ಟೆಪೆಕ್ ಬೆಟ್ಟದ ಬುಗ್ಗೆಯಿಂದ ಕಾಲುವೆ ಎಳೆದರು. ಜೋಡಿ ಕಾಲುವೆ: ಒಂದನ್ನು ತೊಳೆಯುವಾಗ ಇನ್ನೊಂದರಲ್ಲಿ ನೀರು. 1449ರ ದೊಡ್ಡ ನೆರೆಯ ನಂತರ ಅದೇ ಹೆಸರಿನ ಟೆಕ್ಸ್‌ಕೊಕೊ ಊರಿನ ದೊರೆ ನೆಜಾವಲ್ಕೊಯೊಟ್ಲ್ ಮಾರ್ಗದರ್ಶನದಲ್ಲಿ ಸುಮಾರು 16 ಕಿಲೋಮೀಟರ್ ಒಡ್ಡು ಕಟ್ಟಿದರು. ಊರಿನ ಕಡೆಯ ಸಿಹಿನೀರು ಉಪ್ಪುನೀರಿನಿಂದ ಬೇರೆಯಾಯಿತು.

ಬೆಳೆಗೆ ಚಿನಾಂಪಾ. ಇವನ್ನು ತೇಲುವ ತೋಟ ಅನ್ನುತ್ತಾರೆ, ಆದರೆ ತೇಲುವುದಿಲ್ಲ. ಆಳ ಕಡಿಮೆ ಇರುವ ಕಡೆ ಗೂಟ ಹೊಡೆದು, ಜೊಂಡು ಮತ್ತು ಕೆಸರು ಪದರ ಪದರವಾಗಿ ಹಾಕಿ ಎತ್ತರಿಸಿದ ಉದ್ದುದ್ದ ಮಡಿಗಳು. ಅಂಚು ಕುಸಿಯದಂತೆ ವಿಲ್ಲೋ ಮರ ನೆಡುತ್ತಾರೆ. ಸುತ್ತಲ ಕಾಲುವೆಯ ಹೂಳನ್ನು ಮೇಲೆತ್ತಿ ಹಾಕಿದರೆ ಅದೇ ಗೊಬ್ಬರ. ವರ್ಷಕ್ಕೆ ಹಲವು ಬೆಳೆ. ಮನುಷ್ಯರ ಮಲವನ್ನೂ ನೀರಿಗೆ ಬಿಡದೆ ದೋಣಿಯಲ್ಲಿ ಸಾಗಿಸುತ್ತಿದ್ದರು. ಚರ್ಮ ಹದ ಮಾಡಲು ಅದನ್ನು ಸಂತೆಯಲ್ಲಿ ಮಾರುತ್ತಿದ್ದರು ಎಂದು ಕೊರ್ಟೆಸನ ಸೈನಿಕ ಬರ್ನಾಲ್ ಡಿಯಾಸ್ ಬರೆದಿದ್ದಾನೆ. ಚಿನಾಂಪಾ ಇವತ್ತಿಗೂ ಮೆಕ್ಸಿಕೊ ನಗರದ ಶೋಚಿಮಿಲ್ಕೊದಲ್ಲಿ ನಡೆಯುತ್ತಿದೆ.

ಪ್ರಶ್ನೆ (ಗೃಹಿಣಿ, ಶಿವಮೊಗ್ಗ): ಮದುವೆ ಹೇಗೆ ಮಾಡುತ್ತಿದ್ದರು?

ಉತ್ತರ: ಸಂಬಂಧ ಕೂಡಿಸಲು ವಯಸ್ಸಾದ ಹೆಂಗಸರು ಇರುತ್ತಿದ್ದರು. ರಾತ್ರಿ ಪಂಜಿನ ಬೆಳಕಿನಲ್ಲಿ ಒಬ್ಬಾಕೆ ಹುಡುಗಿಯನ್ನು ಬೆನ್ನ ಮೇಲೆ ಹೊತ್ತು ಗಂಡಿನ ಮನೆಗೆ ತರುತ್ತಾಳೆ. ಒಲೆಯ ಮುಂದೆ ಚಾಪೆ. ಹುಡುಗನ ಹೊದಿಕೆಗೂ ಹುಡುಗಿಯ ಮೇಲಂಗಿಗೂ ಗಂಟು ಹಾಕುತ್ತಾರೆ, ನಮ್ಮಲ್ಲಿ ಸೆರಗಿಗೂ ಶಲ್ಯಕ್ಕೂ ಹಾಕುವ ಹಾಗೇ. ಗಂಟು ಬಿದ್ದರೆ ಮದುವೆ ಆದಂತೆ. ನಂತರ ಹಿರಿಯರ ಹಿತವಚನ, ಅದು ಬಹಳ ಹೊತ್ತು.

ಪ್ರಶ್ನೆ (ಪದವಿ ವಿದ್ಯಾರ್ಥಿ): ನರಬಲಿ ಎಲ್ಲ ಸ್ಪ್ಯಾನಿಷರು ಕಟ್ಟಿದ ಕಥೆ ಅಂತ ಒಂದು ವಿಡಿಯೊದಲ್ಲಿ ನೋಡಿದೆ. ನಿಜಾನಾ?

ಉತ್ತರ: ಇಲ್ಲ, ನರಬಲಿ ಇತ್ತು. 2015ರಿಂದ ಮೆಕ್ಸಿಕೊ ನಗರದ ನಡುಮಧ್ಯೆ ಅಗೆದಾಗ ತಲೆಬುರುಡೆಗಳ ಗೋಪುರವೇ ಸಿಕ್ಕಿತು, 600ಕ್ಕೂ ಹೆಚ್ಚು ಬುರುಡೆ. ಗಂಡಸರದು ಮಾತ್ರ ಅಲ್ಲ, ಹೆಂಗಸರು ಮಕ್ಕಳದೂ ಇವೆ. 1487ರಲ್ಲಿ ಮಹಾದೇವಾಲಯದ ಹಬ್ಬಕ್ಕೆ 80,400 ಜನರನ್ನು ಬಲಿ ಕೊಟ್ಟರು ಎಂಬ ಲೆಕ್ಕವನ್ನು ಮಾತ್ರ ಇವತ್ತಿನ ವಿದ್ವಾಂಸರು ಒಪ್ಪುವುದಿಲ್ಲ. ಸೂರ್ಯ ನಡೆಯಬೇಕಾದರೆ, ಮಳೆ ಬರಬೇಕಾದರೆ ದೇವರ ಸಾಲ ತೀರಿಸಬೇಕು ಅನ್ನುವುದು ಆ ಜನರ ಗಟ್ಟಿ ನಂಬಿಕೆ. ಅದನ್ನು ಮುಚ್ಚಿಡುವುದು ಬೇಡ. ಹಾಗೆಯೇ ಇಡೀ ಸಮಾಜವನ್ನು ಅದೊಂದರಿಂದ ಅಳೆಯುವುದೂ ಬೇಡ. ಅದೇ ಊರಿನಲ್ಲಿ ಸೂಲಗಿತ್ತಿ ಇದ್ದಳು, ಅವಳು ಮಗು ಹುಟ್ಟಿದ ಕೂಡಲೇ ಯುದ್ಧದ ಕೂಗು ಹಾಕುತ್ತಿದ್ದಳು. ಹೆತ್ತ ತಾಯಿ ಯುದ್ಧ ಗೆದ್ದ ವೀರಳೇ ಎಂದು. ಹೆರಿಗೆಯಲ್ಲಿ ಸತ್ತವಳಿಗೆ ರಣದಲ್ಲಿ ಸತ್ತವನಷ್ಟೇ ಗೌರವ.

ಪ್ರಶ್ನೆ (ಆಹಾರ ವಿಜ್ಞಾನ ವಿದ್ಯಾರ್ಥಿನಿ): ಆ ಜನ ಈಗ ಇದ್ದಾರಾ ಸರ್? ಮತ್ತೆ, ಆ ಸುಣ್ಣದ ಮೆಕ್ಕೆಜೋಳ ಮನೆಯಲ್ಲಿ ಮಾಡಬಹುದಾ?

ಉತ್ತರ: ಇದ್ದಾರೆ. 1520ರಲ್ಲಿ ಸಿಡುಬು ಬಂದು ಲೆಕ್ಕವಿಲ್ಲದಷ್ಟು ಜನ ಸತ್ತರು, ಊರು ನೆಲಸಮವಾಯಿತು, ಆದರೂ ನಾವಾಟಲ್ ಮಾತಾಡುವವರು ಮೆಕ್ಸಿಕೊದಲ್ಲಿ ಇವತ್ತು 15 ಲಕ್ಷಕ್ಕೂ ಜಾಸ್ತಿ. ಮೆಣಸಿನಕಾಯಿ, ಟೊಮ್ಯಾಟೊ ಅವರ ಕಡೆಯಿಂದಲೇ ಹೊರಟು ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿ ಮುಟ್ಟಿದ್ದು.

ಮನೆಯಲ್ಲಿ ಮಾಡಬಹುದು. ಸ್ವೀಟ್ ಕಾರ್ನ್ ಬೇಡ, ಒಣಗಿದ ಬಲಿತ ಕಾಳು ಬೇಕು. ಒಂದು ಕಿಲೋ ಕಾಳಿಗೆ ಮೂರು ಲೀಟರ್ ನೀರು, ಸುಮಾರು 10 ಗ್ರಾಂ ತಿನ್ನುವ ಸುಣ್ಣ. ಗೋಡೆಗೆ ಬಳಿಯುವ ಸುಣ್ಣ ಖಂಡಿತ ಬೇಡ. ಸ್ಟೀಲ್ ಪಾತ್ರೆಯಲ್ಲೇ ಮಾಡಿ, ಅಲ್ಯೂಮಿನಿಯಂ ಸುಣ್ಣಕ್ಕೆ ಆಗುವುದಿಲ್ಲ. ಸಣ್ಣ ಉರಿಯಲ್ಲಿ ಅರ್ಧ ಮುಕ್ಕಾಲು ಗಂಟೆ ಬೇಯಿಸಿ, ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಳದಿ ನೀರು ಚೆಲ್ಲಿ, ಕಾಳನ್ನು ಕೈಯಲ್ಲಿ ಉಜ್ಜಿ, ಸಿಪ್ಪೆ ಹೋಗುವ ತನಕ ಎರಡು ಮೂರು ನೀರಿನಲ್ಲಿ ತೊಳೆಯಿರಿ. ನೀರು ಆದಷ್ಟು ಕಡಿಮೆ ಹಾಕಿ ಗ್ರೈಂಡರಿನಲ್ಲಿ ಗಟ್ಟಿಯಾಗಿ ರುಬ್ಬಿ, ತೆಳ್ಳಗೆ ತಟ್ಟಿ, ಕಾದ ಕಾವಲಿಗೆ ಹಾಕಿ. ಹಿಟ್ಟು ಬಿರುಕು ಬಿಟ್ಟರೆ ನೀರು ಕಡಿಮೆ ಆಗಿದೆ ಅಂತ, ಕೈ ಒದ್ದೆ ಮಾಡಿಕೊಂಡು ಮತ್ತೆ ನಾದಿ.